ಮೂಗಣ್ಣನ ಮೊದಲ ಲೋಟ

ಸಾವಿನ ಸುದ್ದಿ ಬಂದಾಗ ದೊಡ್ಡಕ್ಕ ಪರವೂರಿನ ಶಾಲೆಯೊಂದರ ಹಜಾರದಲ್ಲಿ ಕುಳಿತು ಲಸಿಕೆ ಶಿಬಿರದ ವರದಿ ಬರೆದುಕೊಳ್ಳುತ್ತಿದ್ದಳು. ಸಾರ್ವಜನಿಕ ಆರೋಗ್ಯ ಸಂಘದ ಮಾಸಪತ್ರಿಕೆ ‘ಸದಸ್ಯರ ಸುದ್ದಿ’ಗೆ ಅವಳೇ ಸಂಪಾದಕಿ, ಅವಳೇ ವರದಿಗಾರ್ತಿ, ಅಂಚೆಚೀಟಿ ಅಂಟಿಸುವವಳೂ ಅವಳೇ. ಸೂಜಿ ಕಂಡು ಅಳುವ ಕೂಸುಗಳ ಗದ್ದಲದ ನಡುವೆ ಯಾರೋ ಫೋನು ತಂದು ಕೈಗಿತ್ತರು. ಆ ಕಡೆ ತಮ್ಮನ ಮಗಳು.

“ಅತ್ತೆ, ಅಪ್ಪ ಏಳ್ತಾ ಇಲ್ಲ.”

“ಕೈ ಮುಟ್ಟಿ ನೋಡಿದೆಯಾ?”

“ನೋಡ್ದೆ. ತಣ್ಣಗಿದೆ. ನೀನು ಬಾ ಅತ್ತೆ.”

ಜೀವಮಾನವೆಲ್ಲ ನರ್ಸಾಗಿ ದುಡಿದವಳಿಗೆ ಅದಕ್ಕಿಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಬರೆಯುತ್ತಿದ್ದ ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ದಾರಿಯುದ್ದಕ್ಕೂ ದೇವರ ಹೆಸರು ಹೇಳಿಕೊಂಡಳು. ಅಳು ಮಾತ್ರ ಬರಲಿಲ್ಲ. ಒಡಹುಟ್ಟಿದವನು ತನಗಿಂತ ಮೊದಲು ಹೊರಟುಬಿಡುವುದು ಯಾವ ನ್ಯಾಯವೆಂದು ಕೇಳಬೇಕೆನ್ನಿಸಿತು. ಕೇಳಲು ಧೈರ್ಯ ಬರಲಿಲ್ಲ.

ಮನೆ ತುಂಬ ಜನ. ಸಂಘದ ಸದಸ್ಯರೆಲ್ಲ ಬಂದಿದ್ದರು. ಸಂಘದ ಅಧ್ಯಕ್ಷರು ಡಾಕ್ಟರು. ಅವರೇ ನಾಡಿ ನೋಡಿ, ಮರಣಪತ್ರಕ್ಕೆ ಸಹಿ ಹಾಕಿದ್ದರು. “ಹೃದಯ ನಿಂತುಹೋಗಿದೆ, ದೊಡ್ಡಕ್ಕ. ನಿದ್ದೆಯಲ್ಲೇ ಹೋಗಿದ್ದಾರೆ. ಪುಣ್ಯವಂತರು” ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ತಮ್ಮನನ್ನು ಊರೆಲ್ಲ ಕರೆಯುತ್ತಿದ್ದದ್ದು ಮೂಗಣ್ಣ ಎಂದು. ನೀರಿನ ಇನ್ಸ್‌ಪೆಕ್ಟರಾಗಿದ್ದು ನಿವೃತ್ತನಾದ ಮೇಲೂ ಸಂಘದ ನೀರಿನ ಕೆಲಸ ಅವನದೇ. ಬಾವಿಗೋ ತೊಟ್ಟಿಗೋ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಒಂದು ಬೊಗಸೆ ನೀರನ್ನು ಮೂಗಿನ ಹತ್ತಿರ ಹಿಡಿದು, ಔಷಧಿ ಸಾಕೋ ಸಾಲದೋ ಹೇಳಿಬಿಡುತ್ತಿದ್ದ. ಆಮೇಲೆ ಪೆಟ್ಟಿಗೆ ತೆಗೆದು, ನಳಿಕೆಯ ನೀರಿಗೆ ಪರೀಕ್ಷೆಯ ಹನಿ ಬಿಟ್ಟು ನೋಡಿದರೆ ಅವನ ಮೂಗು ಹೇಳಿದ್ದೇ ಸರಿ. ಬರಬರುತ್ತ ಪೆಟ್ಟಿಗೆ ತೆಗೆಯುವುದೇ ನಿಂತಿತು. ಮೂಗಣ್ಣ ಮೂಸಿದ ಮೇಲೆ ಇನ್ನೇನು ಪರೀಕ್ಷೆ ಎಂದು ಎಲ್ಲರೂ ನಗುತ್ತಿದ್ದರು.

ಸಂಘದಲ್ಲಿ ಇನ್ನೊಂದು ಕಟ್ಟುಪಾಡಿತ್ತು. ನೀರಿಗೆ ಔಷಧಿ ಹಾಕಿದವನೇ ಜನರ ಎದುರು ಮೊದಲ ಲೋಟ ಕುಡಿಯಬೇಕು. ಅವನು ಕುಡಿಯದೆ ಬೇರೆಯವರ ಬಾಯಿಗೆ ಒಂದು ಹನಿಯೂ ಹೋಗಕೂಡದು. ಮೂಗಣ್ಣ ಎಷ್ಟು ಬೀದಿಗಳಲ್ಲಿ ಹಾಗೆ ನಿಂತು ಕುಡಿದಿದ್ದನೋ ದೇವರೇ ಬಲ್ಲ.

ಅಂತ್ಯಕ್ರಿಯೆ ಮುಗಿದು ಜನ ಕರಗಿದ ಮೇಲೆ ದೊಡ್ಡಕ್ಕ ತಮ್ಮನ ಕೋಣೆ ಗುಡಿಸಲು ಹೋದಳು. ಗಂಡ ತೀರಿಕೊಂಡಂದಿನಿಂದ ಅವಳು ಈ ಮನೆಯಲ್ಲೇ ಇದ್ದವಳು. ತಾಯಿಯಿಲ್ಲದ ಅವನ ಮಗಳನ್ನು ಸಾಕಿ, ಎರಡು ಬೀದಿ ಆಚೆ ಮದುವೆ ಮಾಡಿಕೊಟ್ಟವಳು. ಕೋಣೆಯ ಮೂಲೆಮೂಲೆಯೂ ಗೊತ್ತು. ಆದರೆ ಬಚ್ಚಲಿನ ಬಾಗಿಲು ತೆಗೆದಾಗ ಫಿನಾಯಿಲಿನ ನಾತ ಮುಖಕ್ಕೆ ರಾಚಿತು. ಮುಚ್ಚಳ ಹಾಕಿದ ಬಕೆಟ್ಟಿನಲ್ಲಿ ಅವನ ಬಟ್ಟೆಗಳು, ಹಾಸಿಗೆಯ ಹೊದಿಕೆ, ಎರಡು ಟವೆಲು, ಎಲ್ಲವೂ ಫಿನಾಯಿಲಿನಲ್ಲಿ ಮುಳುಗಿದ್ದವು. ನೆಲ ತೊಳೆದಿತ್ತು. ಮಂಚದ ಕೆಳಗೆ ಅರ್ಧ ಕುಡಿದಿಟ್ಟ ಲೋಟ. ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದಳು. ಉಪ್ಪು, ಸಕ್ಕರೆ.

ಅವಳು ಲೋಟ ಹಿಡಿದು ಮಂಚದ ಮೇಲೆ ಕುಳಿತಳು.

ಹೃದಯ ನಿಂತದ್ದು ನಿಜ. ಅದಕ್ಕೆ ಮೊದಲು ರಾತ್ರಿಯೆಲ್ಲ ವಾಂತಿ, ಭೇದಿ. ಮಗಳನ್ನು ಕರೆಯಲಿಲ್ಲ, ಡಾಕ್ಟರಿಗೆ ಹೇಳಿಕಳಿಸಲಿಲ್ಲ. ಊರಿಗೆಲ್ಲ ಶುಚಿ ಹೇಳಿದವನು ತನ್ನ ಹೊಲಸನ್ನು ಇನ್ನೊಬ್ಬರ ಕೈಗೆ ಬಿಡದೆ, ಕಾಲಲ್ಲಿ ಜೀವವಿಲ್ಲದಿದ್ದರೂ ತಾನೇ ತೊಳೆದು, ಔಷಧಿಯಲ್ಲಿ ನೆನೆಹಾಕಿ, ಬಂದು ಮಲಗಿದ್ದ. ದೊಡ್ಡಕ್ಕನಿಗೆ ಆಗ ಅಳು ಬಂತು.

ಬಾಗಿಲಲ್ಲಿ ತಮ್ಮನ ಮಗಳು ನಿಂತಿದ್ದಳು. “ಏನತ್ತೆ?”

“ಏನಿಲ್ಲ ಮಗಳೇ. ಈ ಬಕೆಟ್ಟನ್ನ ಮುಟ್ಟಬೇಡ. ನಾನೇ ನೋಡ್ತೀನಿ.”

ಮಗಳು ಕಣ್ಣೊರೆಸಿಕೊಂಡು ಹೇಳಿದಳು: “ಅಧ್ಯಕ್ಷರು ಹೇಳಿ ಕಳಿಸಿದ್ದಾರೆ. ಭಾನುವಾರದ ವಾರ್ಷಿಕ ಸಭೆಯಲ್ಲಿ ಸಂಘದ ಹೊಸ ಕಟ್ಟಡಕ್ಕೆ ಅಪ್ಪನ ಹೆಸರಿಡ್ತಾರಂತೆ. ಪತ್ರಿಕೆಯ ಮೊದಲ ಪುಟ ಪೂರ್ತಿ ಅಪ್ಪನ ಬಗ್ಗೆ. ನೀನೇ ಬರೀಬೇಕಂತೆ.”

ಹೊಸ ಕಟ್ಟಡ ಎಂಬ ಮಾತಿಗೆ ದೊಡ್ಡಕ್ಕ ಬಕೆಟ್ಟಿನತ್ತ ತಿರುಗಿ ನೋಡಿದಳು. ಅವಳು ಶಿಬಿರಕ್ಕೆ ಹೊರಟ ಮಾರನೆಯ ದಿನವೇ ಆ ಕಟ್ಟಡದ ನೀರಿನ ಸಂಪು ತುಂಬಿಸಿ, ಬೀದಿಯವರಿಗಾಗಿ ಗೋಡೆಗೊಂದು ನಲ್ಲಿ ಇಟ್ಟು ಉದ್ಘಾಟನೆ ಮಾಡಿದ್ದರು. ಮೊದಲ ಲೋಟ ಯಾರು ಕುಡಿದಿರಬೇಕೆಂದು ಕೇಳುವ ಅಗತ್ಯವಿರಲಿಲ್ಲ.

ಇನ್ನೊಂದು ವಿಷಯ ಅವಳಿಗೊಬ್ಬಳಿಗೇ ಗೊತ್ತಿತ್ತು. ಹಿಂದಿನ ವರ್ಷ ಜ್ವರ ಬಂದು ಹೋದ ಮೇಲೆ ತಮ್ಮನ ಮೂಗು ಕೆಲಸ ನಿಲ್ಲಿಸಿತ್ತು. ಒಲೆಯ ಮೇಲೆ ಹಾಲು ಹೊತ್ತಿ ಮನೆಯೆಲ್ಲ ಕಮಟು ಹಿಡಿದಿದ್ದರೂ ಪಕ್ಕದಲ್ಲೇ ಕುಳಿತು ಪೇಪರು ಓದುತ್ತಿದ್ದ. ಅವಳು ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಸುಮ್ಮನಾಗಿದ್ದಳು. “ಅಕ್ಕಾ, ಯಾರ ಹತ್ರಾನೂ ಬಾಯಿ ಬಿಡಬೇಡ. ಮೂಗಿಲ್ಲದ ಮೂಗಣ್ಣ ಅಂತ ಆಡ್ಕೋತಾರೆ” ಎಂದಿದ್ದ. “ಆಡ್ಕೊಳ್ಳಲಿ ಬಿಡು. ಇನ್ನು ಮೇಲೆ ಹನಿ ಹಾಕಿ ನೋಡು” ಎಂದಿದ್ದಳು. ಹೂಂ ಎಂದಿದ್ದ.

ಮರುದಿನ ಬೆಳಕು ಹರಿಯುತ್ತಲೇ ದೊಡ್ಡಕ್ಕ ಅವನ ಪರೀಕ್ಷೆಯ ಪೆಟ್ಟಿಗೆ ಹಿಡಿದು ಸಂಘದ ಕಟ್ಟಡಕ್ಕೆ ನಡೆದಳು. ಗೋಡೆಯ ನಲ್ಲಿಯ ಎದುರು ಕೊಡಗಳ ಸಾಲು. ಸೊಂಟಕ್ಕೆ ಮಗು ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಮುಂದಿದ್ದಳು. ಕಟ್ಟಡದ ಎದುರು ಮನೆಯ ದರ್ಜಿಯ ಹೆಂಡತಿ.

“ಬನ್ನಿ ದೊಡ್ಡಕ್ಕ. ನಿಮ್ಮ ತಮ್ಮನ ಹೆಸರು ಹೇಳ್ಕೊಂಡು ನೀರು ಹಿಡೀತಾ ಇದ್ದೀವಿ. ಮೊನ್ನೆ ಇದೇ ಜಾಗದಲ್ಲಿ ನಿಂತಿದ್ರು. ಬೊಗಸೆಯಲ್ಲಿ ನೀರು ಹಿಡಿದು ಮೂಸಿ ನೋಡಿದ್ರು, ಹೂಂ ಅಂತ ತಲೆ ಆಡಿಸಿದ್ರು, ಒಂದು ಲೋಟ ಗಟಗಟ ಕುಡಿದ್ರು.”

“ವೇದಿಕೆ ಮೇಲೆ ಕೂತ ದೊಡ್ಡ ಮನುಷ್ಯರು ಮಾತ್ರ ಬಾಟಲಿ ನೀರು ಕುಡಿದ್ರು” ಎಂದು ಹಿಂದಿನಿಂದ ಒಬ್ಬ ಮುದುಕ ಹೇಳಿದ. ಸಾಲಿನಲ್ಲಿದ್ದವರು ನಕ್ಕರು.

ದೊಡ್ಡಕ್ಕ ನಗಲಿಲ್ಲ. ಪೆಟ್ಟಿಗೆ ತೆರೆದಳು. ಪರೀಕ್ಷೆಯ ಹೊಸ ಶೀಶೆಯ ಮುಚ್ಚಳಕ್ಕೆ ಸುತ್ತಿದ ಕಾಗದವನ್ನು ಅವನು ಹರಿದೇ ಇರಲಿಲ್ಲ. ಅವಳು ಹರಿದಳು. ನಳಿಕೆಗೆ ನೀರು ಹಿಡಿದು, ಹನಿ ಬಿಟ್ಟು, ಬೆಳಕಿಗೆ ಎತ್ತಿದಳು. ಔಷಧಿಯಿದ್ದರೆ ನೀರು ಹಳದಿಯಾಗಬೇಕು. ಅದು ಹಳದಿಯಾಗಲಿಲ್ಲ. ಎಷ್ಟು ಹೊತ್ತು ಹಿಡಿದರೂ ಕನ್ನಡಿಯಂತೆ ತಿಳಿಯಾಗಿಯೇ ಇತ್ತು. ಇನ್ನೊಮ್ಮೆ ಮಾಡಿದಳು. ಹಾಗೆಯೇ.

ಮೆಟ್ಟಿಲ ಕೆಳಗಿನ ಉಗ್ರಾಣದಲ್ಲಿ ಬ್ಲೀಚಿಂಗ್ ಪೌಡರಿನ ಮೂಟೆಗಳಿದ್ದವು. ಬಾಯಿ ಬಿಚ್ಚಿದ್ದ ಒಂದಕ್ಕೆ ಮುಖ ತಂದಳು. ಕಣ್ಣಲ್ಲಿ ನೀರು ಬರಿಸಿ ಗಂಟಲು ಹಿಡಿಯಬೇಕಾಗಿದ್ದ ಪುಡಿ ಹಳೆಯ ಸುಣ್ಣದಂತೆ ಸಪ್ಪೆಯಾಗಿ ಬಿದ್ದಿತ್ತು. ಗಾಳಿಯಾಡಿ ಸತ್ವ ಸತ್ತ ಪುಡಿ. ಮೂಗಿದ್ದ ಯಾರಾದರೂ ಬಾಗಿಲಲ್ಲೇ ಹೇಳಿಬಿಡುತ್ತಿದ್ದರು. ಬೇರೆ ಯಾರೂ ಮೂಸಿ ನೋಡಿರಲಿಲ್ಲ. ಮೂಗಣ್ಣ ನೋಡಿದ್ದಾನಲ್ಲ ಎಂದು. ಹೊರಗೆ ಸಂಪಿನ ಪಕ್ಕಕ್ಕೇ ಹಳೆಯ ಚರಂಡಿ ಹಾದುಹೋಗಿತ್ತು.

ಅವಳು ಓಡಿಬಂದು ನಲ್ಲಿ ತಿರುಗಿಸಿ ನಿಲ್ಲಿಸಿದಳು.

“ಈ ನೀರು ಕುಡೀಬೇಡಿ. ಹಿಡಿದಿದ್ದನ್ನ ಚೆಲ್ಲಿ.”

“ಯಾಕೆ ದೊಡ್ಡಕ್ಕ?”

“ನೀರು ಕೆಟ್ಟಿದೆ.”

ದರ್ಜಿಯ ಹೆಂಡತಿ ಕನಿಕರದಿಂದ ಅವಳ ತೋಳು ಹಿಡಿದಳು. “ದುಃಖದಲ್ಲಿದ್ದೀರಿ. ಮನೆಗೆ ಹೋಗಿ ಮಲಗಿ. ಮೂಗಣ್ಣ ಕುಡಿದ ನೀರು, ಇದಕ್ಕೇನಾಗತ್ತೆ? ನಮ್ಮತ್ತೆಗೆ ನಿನ್ನೆಯಿಂದ ಹೊಟ್ಟೆ ಕೆಟ್ಟು ಎದ್ದು ಕೂರೋಕಾಗ್ತಿಲ್ಲ. ಅವರಿಗೂ ಇದೇ ನೀರೇ ಕೊಡ್ತಿದ್ದೀನಿ, ಒಳ್ಳೆ ನೀರು ಅಂತ.”

ಹಾಗೆಂದು ನಲ್ಲಿ ತೆರೆದು ಕೊಡ ಇಟ್ಟಳು. ದೊಡ್ಡಕ್ಕ ನಳಿಕೆ ಹಿಡಿದು ಮೆಟ್ಟಿಲು ಹತ್ತಿದಳು.

ಅಧ್ಯಕ್ಷರು ಮಹಡಿಯ ಕೋಣೆಯಲ್ಲಿ ಭಾನುವಾರದ ಸಭೆಯ ಏರ್ಪಾಡು ನೋಡುತ್ತಿದ್ದರು. ದೊಡ್ಡಕ್ಕ ನಳಿಕೆಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಬಕೆಟ್ಟಿನ ವಿಷಯ, ಮೂಗಿನ ವಿಷಯ. ಅವರು ಕನ್ನಡಕ ತೆಗೆದು ಆ ತಿಳಿನೀರನ್ನು ಬೆಳಕಿಗೆ ಎತ್ತಿ ನೋಡಿದರು.

“ನಾನು ಸರಿಯಾಗಿ ವಿಚಾರಿಸಬೇಕಾಗಿತ್ತು” ಎಂದರು. “ಈಗಲೇ ಹೊಸ ಪೌಡರ್ ತರಿಸ್ತೀನಿ. ಸಂಪು ಖಾಲಿ ಮಾಡಿಸಿ ತೊಳೆಸ್ತೀನಿ. ಸಂಜೆಯೊಳಗೆ ಎಲ್ಲ ಸರಿ ಹೋಗತ್ತೆ. ಇದು ನಮ್ಮಿಬ್ಬರಲ್ಲೇ ಇರಲಿ.”

“ಇಷ್ಟು ದಿನ ಕುಡಿದವರ ಗತಿ? ದರ್ಜಿ ಮನೆಯಲ್ಲಿ ಮುದುಕಿ ಮಲಗಿದ್ದಾರೆ. ಇನ್ನೂ ಎಷ್ಟು ಮನೆಯಲ್ಲಿ ಮಲಗಿದ್ದಾರೋ. ಅಜೀರ್ಣ ಅಂತ ಸುಮ್ಮನಿದ್ದಾರೆ, ನನ್ನ ತಮ್ಮನ ಹಾಗೆ.”

“ಮನೆಮನೆಗೂ ನರ್ಸುಗಳನ್ನ ಕಳಿಸೋಣ. ಕಾರಣ ಹೇಳೋದು ಬೇಡ.”

“ಕಾರಣ ಹೇಳದೆ ಹೋದ್ರೆ ಕೇಳಲ್ಲ ಸರ್. ಈಗ ತಾನೇ ನನ್ನ ಕಣ್ಣೆದುರೇ ಕೊಡ ತುಂಬಿಸ್ಕೊಂಡು ಹೋದ್ರು. ಅಷ್ಟೇ ಅಲ್ಲ, ಇದೇ ಮೂಟೆಗಳು ಬೇರೆ ಊರಿನ ನಮ್ಮ ಶಾಖೆಗಳಿಗೆಲ್ಲ ಹೋಗಿವೆ. ಮೂಗಣ್ಣ ನೋಡಿ ಒಪ್ಪಿದ ಮೂಟೆ ಅಂತ ಅಲ್ಲಿಯವರೂ ಕಣ್ಣು ಮುಚ್ಚಿ ತೊಟ್ಟಿಗೆ ಹಾಕ್ತಾರೆ. ಆಮೇಲೆ ಮೊದಲ ಲೋಟ ಅವರೇ ಕುಡೀತಾರೆ.”

ಅಧ್ಯಕ್ಷರು ಹಣೆಯುಜ್ಜಿಕೊಂಡರು. “ಸತ್ತವರ ತಲೆ ಮೇಲೆ ಗೂಬೆ ಕೂರಿಸೋಕೆ ನನ್ನ ಕೈಲಾಗಲ್ಲ, ದೊಡ್ಡಕ್ಕ. ಮಾಡಿಟ್ಟ ಒಳ್ಳೇದೆಲ್ಲ ನೀರಲ್ಲಿ ಹೋಗತ್ತೆ. ಜನ ಇನ್ನು ನೆನೆಸ್ಕೊಳ್ಳೋದು ಇದೊಂದನ್ನೇ. ನಿಮಗೆ ಒಡಹುಟ್ಟಿದವನು. ನೀವೇ ಹೇಳಿ.”

ಅವಳು ಉತ್ತರ ಹೇಳುವ ಮೊದಲೇ ಬಾಗಿಲ ಬಳಿ ಬಳೆಯ ಸದ್ದಾಯಿತು. ತಮ್ಮನ ಮಗಳು ಬುತ್ತಿ ಹಿಡಿದು ನಿಂತಿದ್ದಳು. ಹಿಂದಿನ ದಿನದಿಂದ ಏನೂ ತಿನ್ನದ ಅತ್ತೆಯನ್ನು ಹುಡುಕಿಕೊಂಡು ಬಂದಿದ್ದಳು. ಮುಖ ನೋಡಿದರೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ತಿಳಿಯುತ್ತಿತ್ತು.

“ಅಪ್ಪನ ಚಿತೆ ಇನ್ನೂ ಆರಿಲ್ಲ” ಎಂದಳು. “ಯಾರ ಹತ್ರಾನೂ ಹೇಳಬೇಡ ಅಂತ ನಿನ್ನನ್ನ ಕೇಳ್ಕೊಂಡಿದ್ರಲ್ಲ ಅತ್ತೆ. ಬದುಕಿದ್ದಾಗ ಕಾಪಾಡಿದ ಮಾತನ್ನ ಸತ್ತ ಮೇಲೆ ಮುರೀತೀಯಾ?”

“ಬದುಕಿದ್ದಾಗ ಕಾಪಾಡಿದ್ದಕ್ಕೇ ಈಗ ಮುರೀಬೇಕಾಗಿದೆ ಮಗಳೇ.”

“ಹಾಗಾದ್ರೆ ನನ್ನ ಮುಖ ನೋಡಬೇಡ.”

ಬುತ್ತಿಯನ್ನು ಮೇಜಿನ ಮೇಲಿಟ್ಟು ಅವಳು ಹೊರಟುಹೋದಳು.

ದೊಡ್ಡಕ್ಕ ಕಿಟಕಿಯ ಹತ್ತಿರ ಹೋದಳು. ಕೆಳಗೆ ನಲ್ಲಿ ಹರಿಯುತ್ತಲೇ ಇತ್ತು. ಸಾಲು ಇನ್ನಷ್ಟು ಬೆಳೆದಿತ್ತು. ಕೊಡ ಇಳಿಸಿದ ಇನ್ನೊಬ್ಬಳು ತನ್ನ ಮಗುವಿನ ಬಾಯಿಗೆ ಬೊಗಸೆ ಹಿಡಿದಿದ್ದಳು. ದೊಡ್ಡಕ್ಕ ಕಣ್ಣು ಮುಚ್ಚಿದಳು. ದೇವರೇ, ಅವನ ಹೆಸರು ನನ್ನದಲ್ಲ, ಅವನದೂ ಅಲ್ಲ, ನೀನು ಕೊಟ್ಟದ್ದು. ಇವತ್ತು ಅದನ್ನು ಖರ್ಚು ಮಾಡುತ್ತೇನೆ, ಬೈಯಬೇಡ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಮೆಟ್ಟಿಲಿಳಿದು ಬೀದಿಗೆ ಬಂದು, ಸಾಲಿನ ಮುಂದೆ ನಿಂತು, ನಲ್ಲಿಯ ಬಾಯಿಗೆ ಅಂಗೈ ಒತ್ತಿದಳು. ನೀರು ಬೆರಳ ಸಂದಿಯಿಂದ ಚಿಮ್ಮಿ ಅವಳ ಸೀರೆ ತೊಯ್ಯಿತು.

“ಎಲ್ಲರೂ ಕೇಳಿ. ನನ್ನ ತಮ್ಮ ನಿದ್ದೆಯಲ್ಲಿ ಹೋಗಲಿಲ್ಲ. ಈ ನೀರು ಕುಡಿದು ವಾಂತಿಭೇದಿಯಾಗಿ ಹೋದ.”

ಸಾಲು ಮುರಿದು ಜನ ಅವಳ ಸುತ್ತ ಸೇರಿದರು.

“ಅವರು ಮೂಸಿ ನೋಡಿದ್ರಲ್ಲ” ಎಂದಳು ಬೊಗಸೆ ಹಿಡಿದವಳು.

“ಅವನ ಮೂಗು ಹೋಗಿ ವರ್ಷವಾಗಿತ್ತು. ಹಾಲು ಹೊತ್ತಿದ್ರೂ ತಿಳೀತಿರಲಿಲ್ಲ. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಹನಿ ಹಾಕಿ ನೋಡಬೇಕಾಗಿತ್ತು, ನೋಡಲಿಲ್ಲ. ಪುಡಿ ಸತ್ತಿತ್ತು, ಅವನಿಗೆ ಗೊತ್ತಾಗಲಿಲ್ಲ. ತಪ್ಪು ಅವನದು. ಅವನ ಅಕ್ಕ ನಾನು ಹೇಳ್ತಾ ಇದ್ದೀನಿ.”

ಎಲ್ಲೋ ಒಂದು ಕೊಡ ಬೋರಲಾದ ಸದ್ದು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೀರು ಬೀದಿಯುದ್ದಕ್ಕೂ ಹರಿಯಿತು. ನೀರು ಹೊತ್ತು ಆಗಲೇ ಮನೆ ಸೇರಿದ್ದ ದರ್ಜಿಯ ಹೆಂಡತಿಗೆ ಯಾರೋ ಕೂಗಿ ಹೇಳಿದರು. ಅವಳು “ನಮ್ಮತ್ತೆ” ಎಂದು ಚೀರುತ್ತ ಹೊಸ್ತಿಲಿಗೆ ಬಂದಳು.

ಮುದುಕಿಯ ಕಣ್ಣು ಗುಳಿ ಬಿದ್ದಿದ್ದವು. ಕೈಯ ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಅಧ್ಯಕ್ಷರು ಯಾವಾಗ ಕೆಳಗಿಳಿದು ಬಂದರೋ, ತಾವೇ ಆಕೆಯನ್ನು ಎತ್ತಿ ತಮ್ಮ ಕಾರಿನಲ್ಲಿ ಮಲಗಿಸಿದರು. ಬೀದಿಯ ಬೇರೆ ಬಾಗಿಲುಗಳೂ ತೆರೆದವು. ಒಂದು ಮನೆಯಲ್ಲಿ ಕೂಲಿಯಾಳು, ಇನ್ನೊಂದರಲ್ಲಿ ಶಾಲೆಗೆ ಹೋಗದೆ ಮಲಗಿದ್ದ ಹುಡುಗಿ. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಹಜಾರದಲ್ಲಿ ಹಾಸಿಗೆಗಳು ತುಂಬಿದವು. ಮುದುಕಿಯ ವಿಷಯ ಈಗಲೇ ಏನೂ ಹೇಳಲಾಗದು ಎಂದರು ಅಲ್ಲಿನ ಡಾಕ್ಟರು. ದೊಡ್ಡಕ್ಕ ಆಕೆಯ ತಲೆದೆಸೆಯಲ್ಲಿ ಕುಳಿತು, ಚಮಚದಿಂದ ಉಪ್ಪುಸಕ್ಕರೆ ನೀರು ಬಾಯಿಗೆ ಬಿಡುತ್ತಿದ್ದಳು. ಪ್ರತಿ ಚಮಚಕ್ಕೂ ತಮ್ಮನ ಮಂಚದ ಕೆಳಗಿನ ಲೋಟ ಕಣ್ಣಿಗೆ ಕಟ್ಟುತ್ತಿತ್ತು. ಸಂಜೆಗೆ ಮುದುಕಿ ಕಣ್ಣು ಬಿಟ್ಟು, ಸೊಸೆಯನ್ನು ನೋಡಿ, “ಮನೆ ಬಾಗಿಲು ಹಾಕ್ಕೊಂಡು ಬಂದಿದ್ದೀಯೇನೇ?” ಎಂದು ಗದರಿದಾಗ ಡಾಕ್ಟರು ನಕ್ಕರು. ದೊಡ್ಡಕ್ಕ ಎದ್ದು ಪ್ರೆಸ್ಸಿಗೆ ನಡೆದಳು.

ಪ್ರೆಸ್ಸಿನ ಯಜಮಾನ ಹಳೆಯ ಪರಿಚಯದವನು. ನಿಮ್ಮ ಪತ್ರಿಕೆ ಪೂರ್ತಿ ಓದೋರು ನಾನು ಮತ್ತು ಗೆದ್ದಲು ಎಂದು ಪ್ರತಿ ತಿಂಗಳೂ ರೇಗಿಸುವವನು. ಅಂದು ರೇಗಿಸಲಿಲ್ಲ. ಮೊದಲ ಪುಟದ ಅಚ್ಚಿನ ಮಾದರಿ ತೋರಿಸಿದ. ತಮ್ಮನ ನಗುಮುಖದ ಚಿತ್ರ, ಸುತ್ತ ಕಪ್ಪು ಗೆರೆ, ಕೆಳಗೆ ಖಾಲಿ ಜಾಗ. ಕೊನೆಯ ಪುಟದಲ್ಲಿ ಮುಂದಿನ ಕಾರ್ಯಕ್ರಮಗಳು: ಭಾನುವಾರದ ಸಭೆ, ಸೊಳ್ಳೆ ನಿವಾರಣೆಯ ವಾರ, ಬಾಣಂತಿಯರ ತಪಾಸಣೆ.

“ಭಾನುವಾರದ ಸಭೆ ತೆಗೀರಿ” ಎಂದಳು ದೊಡ್ಡಕ್ಕ. “ಅಧ್ಯಕ್ಷರು ಒಪ್ಪಿದ್ದಾರೆ. ಆ ಜಾಗದಲ್ಲಿ ಹಾಕಿ: ಆ ದಿನ ಎಲ್ಲ ಶಾಖೆಗಳಲ್ಲೂ ಸದಸ್ಯರು ತಮ್ಮ ತಮ್ಮ ತೊಟ್ಟಿಯ ನೀರಿಗೆ ಹನಿ ಹಾಕಿ ನೋಡತಕ್ಕದ್ದು. ಇಲ್ಲಿಂದ ಬಂದ ಪುಡಿಯನ್ನು ಉಪಯೋಗಿಸಕೂಡದು. ಶಾಖೆಗಳಿಗೆ ಫೋನಲ್ಲೂ ಹೇಳಿಯಾಗಿದೆ.”

“ಮೊದಲ ಪುಟಕ್ಕೆ?”

ದೊಡ್ಡಕ್ಕ ಸ್ಟೂಲಿನ ಮೇಲೆ ಕುಳಿತು ಬರೆಯಲಾರಂಭಿಸಿದಳು. ತಮ್ಮ ಹೇಗೆ ಸತ್ತನೆಂದು ಬರೆದಳು. ಮೂಗಿನ ಸಂಗತಿ ಬರೆದಳು. ತಪ್ಪು ಎಂಬ ಮಾತನ್ನು ಬರೆದು, ಒಮ್ಮೆ ಹೊಡೆದುಹಾಕಿ, ಮತ್ತೆ ಬರೆದಳು. ಮುಂದೆ ಏನು ಬರೆಯಬೇಕೆಂದು ತೋಚದೆ ಪೆನ್ನು ಹಿಡಿದು ಕುಳಿತಿದ್ದಾಗ ಯಾರೋ ಬೆನ್ನ ಹಿಂದೆ ನಿಂತಂತಾಯಿತು. ತಿರುಗಿದರೆ ತಮ್ಮನ ಮಗಳು. ಕಣ್ಣು ಊದಿಕೊಂಡಿದ್ದವು.

“ದರ್ಜಿ ಹೆಂಡತಿ ಮನೆಗೆ ಬಂದಿದ್ಲು” ಎಂದಳು. “ಬೈತಾಳೆ ಅಂದ್ಕೊಂಡೆ. ಕೈ ಹಿಡ್ಕೊಂಡು ಅತ್ತುಬಿಟ್ಲು.”

ದೊಡ್ಡಕ್ಕ ಹಾಳೆಯನ್ನು ಅವಳತ್ತ ಸರಿಸಿದಳು. ಮಗಳು ನಿಂತೇ ಓದಿದಳು. ತಪ್ಪು ಎಂಬ ಮಾತಿನ ಹತ್ತಿರ ಬೆರಳು ನಿಂತಿತು, ಮುಂದೆ ಸರಿಯಿತು. ಕೊನೆಗೆ ಬಂದಾಗ ಅವಳೆಂದಳು:

“ಒಂದು ಬಿಟ್ಟುಹೋಗಿದೆ ಅತ್ತೆ. ಬೇರೆಯವರಿಗೆ ಕೊಡೋಕೆ ಮುಂಚೆ ಅಪ್ಪ ತಾವೇ ಕುಡಿದ್ರು. ಅದನ್ನೂ ಬರಿ.”

“ಅದರಿಂದ ತಪ್ಪು ಹೋಗಲ್ಲ ಮಗಳೇ.”

“ಹೋಗಲಿ ಅಂತ ಹೇಳ್ತಿಲ್ಲ. ಆದ್ರೂ ಬರಿ.”

ದೊಡ್ಡಕ್ಕ ಬರೆದಳು. ಪ್ರೆಸ್ಸಿನ ಯಜಮಾನ ಹಾಳೆ ತೆಗೆದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಯಂತ್ರದ ಸದ್ದು ಶುರುವಾಯಿತು. ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕುಳಿತರು. ಮಗಳು ಮತ್ತೆ ಕಟ್ಟಿ ತಂದಿದ್ದ ಬುತ್ತಿ ಬಿಚ್ಚಿ ಒಂದು ತುತ್ತು ಕಲಸಿ ಕೈಗಿತ್ತಳು. ದೊಡ್ಡಕ್ಕ ಅದನ್ನು ಬಾಯಿಗಿಡುವ ಮೊದಲು ಕಣ್ಣು ಮುಚ್ಚಿ, ತುಟಿಯಲುಗಿಸಿದಳು.

“ದೇವರೇ, ನನ್ನ ತಮ್ಮ ಬಾಯಾರಿಕೊಂಡು ನಿನ್ನ ಬಾಗಿಲಿಗೆ ಬಂದಿದ್ದಾನೆ. ಮೂಗು ಹೋದದ್ದನ್ನು ನಮ್ಮೆಲ್ಲರಿಂದ ಮುಚ್ಚಿಟ್ಟ. ನಿನ್ನಿಂದ ಮುಚ್ಚಿಡಲು ಏನೂ ಉಳಿದಿಲ್ಲ. ಅವನಿಂದ ನೊಂದವರನ್ನು ಗುಣಪಡಿಸು, ಆ ಭಾರವನ್ನು ಅವನ ಹೆಗಲಿನಿಂದ ಇಳಿಸು. ಬದುಕಿರುವವರೆಗೂ ಬೇರೆಯವರಿಗಾಗಿ ಮೊದಲ ಲೋಟ ಕುಡಿದವನು ಅವನು. ಅಲ್ಲಿ ನಿನ್ನ ಕೈಯಾರೆ ಅವನಿಗೊಂದು ಲೋಟ ನೀರು ಕೊಡು, ತಂದೆ. ಅವನು ಮೂಸಿ ನೋಡದೆ, ಹೆದರದೆ ಕುಡಿಯಲಿ. ಅವನ ಜೀವ ತಣ್ಣಗಿರಲಿ.”